ಹರಿದ ವಿಂಡ್‌ಸರ್ಫಿಂಗ್ ಹಾಯಿ: ತೇಪೆ ಹಾಕಬೇಕೆ, ಹೊಸದು ತರಬೇಕೆ?

ಹಲಗೆಯ ಮೇಲೆ ನಿಂತು ಗಾಳಿಯ ಬಲದಿಂದ ನೀರಿನಲ್ಲಿ ಸಾಗುವ ವಿಂಡ್‌ಸರ್ಫಿಂಗ್‌ನಲ್ಲಿ ಹಾಯಿ ಹರಿಯಿತೆಂದರೆ ನಮ್ಮ ಕಣ್ಣು ಮೊದಲು ಹೋಗುವುದು ಹರಿದ ಜಾಗಕ್ಕೆ. ಸೀಳು ಎಷ್ಟು ಉದ್ದವಿದೆ, ಎಷ್ಟು ಅಗಲ ಬಾಯಿಬಿಟ್ಟಿದೆ ಎಂದು ನೋಡಿ, ಅದರ ಮೇಲೆಯೇ ತೀರ್ಮಾನಕ್ಕೆ ಬಂದುಬಿಡುತ್ತೇವೆ. ನನ್ನ ಅನುಭವದಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಹರಿಯದೆ ಉಳಿದ ಭಾಗವನ್ನು. ಗೋವಾದ ದೋನಾ ಪೌಲಾ ಬಳಿ ಒಂದು ಮಧ್ಯಾಹ್ನ ಜೋರು ಗಾಳಿಗೆ ಹತೋಟಿ ತಪ್ಪಿ ನಾನು ಹಾಯಿಯ ಮೇಲೆಯೇ ಕವುಚಿ ಬಿದ್ದಾಗ, ಸೊಂಟದ ಹಾರ್ನೆಸ್ಸಿನ ಕೊಕ್ಕೆ ತಗುಲಿ ಪಾರದರ್ಶಕ ಹಾಳೆ ಒಂದು ಗೇಣು ಸೀಳಿತು. ಅದಕ್ಕೆ ನಾನೇ ಹಾಕಿದ ತೇಪೆ ಎರಡು ವರ್ಷ ಗಟ್ಟಿಯಾಗಿ ನಿಂತಿತು. ಅದಕ್ಕೂ ಹಿಂದೆ, ಇನ್ನೊಂದು ಹಳೆಯ ಹಾಯಿಯ ಮೂರು ಬೆರಳಗಲದ ಸೀಳನ್ನು ಅಷ್ಟೇ ಶ್ರದ್ಧೆಯಿಂದ ಮುಚ್ಚಿದ್ದೆ. ಅದು ಮರುದಿನವೇ ತೇಪೆಯ ಅಂಚಿನುದ್ದಕ್ಕೂ ಹರಿದುಹೋಯಿತು. ತೇಪೆ ಎರಡರಲ್ಲೂ ಒಂದೇ ಬಗೆಯದು. ಎರಡನೆಯ ಹಾಯಿಯ ಹಾಳೆ ಮಾತ್ರ ಬಿಸಿಲಿಗೆ ಜೀವ ಕಳೆದುಕೊಂಡಿತ್ತು.

ಇದನ್ನು ಅರ್ಥ ಮಾಡಿಕೊಳ್ಳಲು ಹಾಯಿಯಲ್ಲಿ ಏನೇನಿದೆ ಎಂದು ತಿಳಿದಿರಬೇಕು. 1970 ಮತ್ತು 80ರ ದಶಕದ ಹಾಯಿಗಳು ಬಹುಪಾಲು ಡೇಕ್ರಾನ್ ಎಂಬ ನೇಯ್ದ ಪಾಲಿಯೆಸ್ಟರ್ ಬಟ್ಟೆಯವು. ಆಚೆ ಬದಿ ಕಾಣಲೆಂದು ನಡುವೆ ಪಿವಿಸಿಯ ಕಿಟಕಿಯೊಂದನ್ನು ಹೊಲಿದಿರುತ್ತಾರೆ. ಆಮೇಲೆ ಬಂದ ಹಾಯಿಗಳಲ್ಲಿ ದೊಡ್ಡ ಭಾಗವನ್ನು ಆಕ್ರಮಿಸಿದ್ದು ಮೊನೊಫಿಲ್ಮ್, ಎಂದರೆ ನೇಯ್ಗೆಯೇ ಇಲ್ಲದ ಪಾರದರ್ಶಕ ಪಾಲಿಯೆಸ್ಟರ್ ಹಾಳೆ. ದಪ್ಪ ಸುಮಾರು 0.1ರಿಂದ 0.18 ಮಿ.ಮೀ. ಅಷ್ಟೇ. ಅದು ಹಗುರ, ಹಿಗ್ಗುವುದಿಲ್ಲ, ಗಾಳಿಯಲ್ಲಿ ಆಕಾರ ಕೆಡುವುದಿಲ್ಲ. ಆದರೆ ಒಮ್ಮೆ ಸೀಳಿದರೆ ಸೀಳನ್ನು ತಡೆಯಲು ಒಳಗೆ ಒಂದು ಎಳೆಯೂ ಇಲ್ಲ. ಎಕ್ಸ್-ಪ್ಲೈ ಎಂಬ ಮೂರನೆಯ ಬಗೆಯಲ್ಲಿ ಎರಡು ತೆಳು ಹಾಳೆಗಳ ನಡುವೆ ನೂಲಿನ ಚೌಕಳಿ ಇರುತ್ತದೆ. ಅಲ್ಲಿ ಸೀಳು ಮುಂದಿನ ನೂಲಿಗೆ ಬಂದು ನಿಲ್ಲುತ್ತದೆ. ಈ ಮೂರಕ್ಕೂ ಶತ್ರು ಸೂರ್ಯನ ನೇರಳಾತೀತ ಕಿರಣವೇ, ಆದರೆ ಬೇಗ ಸೋಲುವುದು ಮೊನೊಫಿಲ್ಮ್. ನಮ್ಮ ಕರಾವಳಿಯಂಥ ಬಿಸಿಲಿನಲ್ಲಿ ಹಾಯಿಯನ್ನು ಅದರ ಕಂಬವಾದ ಮಾಸ್ಟ್‌ಗೆ ಕಟ್ಟಿದಂತೆಯೇ ದಡದ ಮೇಲೆ ದಿನವಿಡೀ ಬಿಟ್ಟರೆ, ನೀರಿನಲ್ಲಿ ಆಗುವುದಕ್ಕಿಂತ ಹೆಚ್ಚು ಹಾನಿ ಮರಳಿನ ಮೇಲೆಯೇ ಆಗುತ್ತದೆ.

ಹಾಳೆ ಬದುಕಿದೆಯೇ ಎಂದು ನೋಡುವ ಕ್ರಮ ಸರಳ. ಹಾಯಿಯನ್ನು ಸಿಹಿನೀರಿನಿಂದ ತೊಳೆದು ಒಣಗಿಸಿ, ಬೆಳಕಿಗೆ ಎದುರಾಗಿ ಹಿಡಿಯಿರಿ. ಒಳ್ಳೆಯ ಹಾಳೆಯಲ್ಲಿ ಗೀರುಗಳಿದ್ದರೂ ಆಚೆಯ ದೃಶ್ಯ ಸ್ಪಷ್ಟವಾಗಿ ಕಾಣುತ್ತದೆ; ಸತ್ತ ಹಾಳೆ ಮಜ್ಜಿಗೆ ನೀರಿನಂತೆ ಮಬ್ಬಾಗಿರುತ್ತದೆ, ಮಡಿಕೆ ಬಿದ್ದ ಕಡೆಯೆಲ್ಲ ಬಿಳಿಯ ಗೆರೆಗಳಿರುತ್ತವೆ. ಬಳಿಕ ಸೀಳಿನ ಅಂಚಿನಲ್ಲಿ, ಹೇಗೂ ತೇಪೆಯ ಕೆಳಗೆ ಹೋಗುವ ಜಾಗದಲ್ಲಿ, ಹಾಳೆಯನ್ನು ಎರಡು ಬೆರಳುಗಳ ನಡುವೆ ಮಡಚಿ ಉಗುರಿನಿಂದ ಒತ್ತಿರಿ. ಜೀವವಿದ್ದ ಹಾಳೆ ಗೆರೆ ಬಿದ್ದರೂ ಕೂಡಿಕೊಂಡೇ ಇರುತ್ತದೆ. ಜೀವ ಹೋದದ್ದು ಒಣ ಹಪ್ಪಳದಂತೆ ಚಟ್ಟೆಂದು ಮುರಿಯುತ್ತದೆ. ಆ ಸದ್ದನ್ನು ಒಮ್ಮೆ ಕೇಳಿದವರು ಮರೆಯಲಾರರು. ಮಾಸ್ಟ್ ತೂರುವ ತೋಳಿನ ಬಳಿ, ಕೈಯಲ್ಲಿ ಹಿಡಿಯುವ ಅಡ್ಡಕೋಲಾದ ಬೂಮ್‌ನ ಎತ್ತರದಲ್ಲಿ, ಹಾಯಿಯ ತುದಿಯಲ್ಲಿ, ಹೀಗೆ ಮೂರು ನಾಲ್ಕು ಕಡೆ ಮಬ್ಬು ಮತ್ತು ಬಿಳಿ ಗೆರೆಗಳನ್ನು ಹುಡುಕಿರಿ. ಹಾಯಿಯಲ್ಲಿ ಸೇರಿಸಿ ಹೊಲಿದ ತುಂಡುಗಳಲ್ಲಿ, ಎಂದರೆ ಫಲಕಗಳಲ್ಲಿ, ಒಂದೇ ಕೆಟ್ಟಿದ್ದರೆ ಅದನ್ನು ಬದಲಿಸಬಹುದು. ಎಲ್ಲ ಕಡೆ ಕೆಟ್ಟಿದ್ದರೆ ತೇಪೆಗೆ ಖರ್ಚು ಮಾಡಬೇಡಿ. ಅಂಥ ಹಾಯಿ ದಡದಿಂದ ದೂರದಲ್ಲಿ ಒಮ್ಮೆಗೇ ಚಿಂದಿಯಾದರೆ ಮರಳಿ ಬರುವುದೇ ಕಷ್ಟವಾಗುತ್ತದೆ.

ಹಾಳೆ ಗಟ್ಟಿಯಿದೆ ಎಂದಾದರೆ ಕೆಲಸ ಶುರು ಮಾಡಬಹುದು. ಕೊರಿಯರ್ ಪೆಟ್ಟಿಗೆಗೆ ಅಂಟಿಸುವ ಪ್ಯಾಕಿಂಗ್ ಟೇಪು ಆ ದಿನ ಮನೆ ಸೇರುವುದಕ್ಕೆ ಮಾತ್ರ. ಬಿಸಿಲಿಗೆ ಅದು ಪುಡಿಯಾಗಿ ಅಂಟನ್ನು ಮಾತ್ರ ಉಳಿಸುತ್ತದೆ, ಆ ಅಂಟಿನ ಮೇಲೆ ಬೇರೇನೂ ಕೂರುವುದಿಲ್ಲ. ಹಾಯಿಗೆಂದೇ ಮಾಡಿದ ಪಾರದರ್ಶಕ ಪಾಲಿಯೆಸ್ಟರ್ ದುರಸ್ತಿ ಟೇಪು ಅಥವಾ ಹಿಂಬದಿಯಲ್ಲಿ ಅಂಟಿರುವ ಡೇಕ್ರಾನ್ ತರಿಸಿಕೊಳ್ಳಿ. ಟಿಯರ್-ಏಡ್ ಎಂಬ ಅಂಟುತೇಪೆ ಕೊಳ್ಳುವವರು ಗಮನಿಸಬೇಕಾದದ್ದು, ಅದರ ‘ಎ’ ಬಗೆ ಡೇಕ್ರಾನ್ ಮುಂತಾದ ಬಟ್ಟೆಗಳಿಗೆ, ‘ಬಿ’ ಬಗೆ ಪಿವಿಸಿಗೆ. ಹಳೆಯ ಹಾಯಿಯ ಪಿವಿಸಿ ಕಿಟಕಿಗೆ ‘ಎ’ ಅಂಟಿಸಿದರೆ ನಿಲ್ಲದು.

ಹಾಯಿಗೆ ಆಕಾರ ಕೊಡುವ ಅಡ್ಡಪಟ್ಟಿಗಳಾದ ಬ್ಯಾಟನ್‌ಗಳ ಬಿಗಿತ ಸಡಿಲಿಸಿ, ಹಾಯಿಯನ್ನು ನೆರಳಿನಲ್ಲಿ ಚಪ್ಪಟೆ ನೆಲದ ಮೇಲೆ ಹಾಸಿರಿ. ಹಾಯಿ ಮೂಲತಃ ಬಾಗಿದ ಆಕಾರದ್ದಾದ್ದರಿಂದ ಇಡೀ ಹಾಯಿಯನ್ನು ಒತ್ತಿ ಚಪ್ಪಟೆ ಮಾಡಲು ಹೋಗಬಾರದು, ಸೀಳಿನ ಸುತ್ತಲ ಜಾಗ ಸಮನಾಗಿ ಕೂತರೆ ಸಾಕು. ಈಗ ಸೀಳಿನ ತುದಿಯನ್ನು ಹತ್ತಿರದಿಂದ ನೋಡಿ. ಬೆಳಕಿನಲ್ಲಿ ಓರೆಯಾಗಿ ನೋಡಿದರೆ, ಕಣ್ಣಿಗೆ ಕಂಡ ತುದಿಯಿಂದಲೂ ಮುಂದೆ ಕೂದಲೆಳೆಯಷ್ಟು ಸಣ್ಣ ಬಿರುಕು ಹೋಗಿರುವುದುಂಟು. ಚೂಪಾದ ಆ ತುದಿಯಲ್ಲಿಯೇ ಎಳೆತವೆಲ್ಲ ಒಂದೆಡೆ ಸೇರುವುದರಿಂದ, ಅದನ್ನು ದುಂಡಗೆ ಮಾಡದೆ ಮೇಲೆ ಎಷ್ಟು ಟೇಪು ಸುತ್ತಿದರೂ ಬಿರುಕು ಕೆಳಗೇ ಬೆಳೆಯುತ್ತದೆ. ಚಪ್ಪಲಿ ಹೊಲಿಯುವವರು ತೊಗಲಿಗೆ ತೂತು ಹೊಡೆಯುವ ಪಂಚ್ ತೆಗೆದುಕೊಂಡು, ಅಡಿಗೆ ಮರದ ತುಂಡಿಟ್ಟು, ಆ ಕೂದಲೆಳೆಯೂ ಒಳಗೆ ಸೇರುವಂತೆ ಮೂರು ನಾಲ್ಕು ಮಿ.ಮೀ. ಅಗಲದ ತೂತು ಹೊಡೆಯಿರಿ. ಇದನ್ನು ಬಿಟ್ಟವರ ದುರಸ್ತಿ ಹಾಳಾಗುವುದನ್ನು ನಾನು ಹಲವು ಸಲ ಕಂಡಿದ್ದೇನೆ, ಆದ್ದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಂತರ ಉಪ್ಪು, ಸನ್‌ಸ್ಕ್ರೀನ್ ಜಿಡ್ಡು ಎಲ್ಲ ಹೋಗುವಂತೆ ಸೀಳಿನ ಎರಡೂ ಬದಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ತೋಯಿಸಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಸೀಳಿನ ಅಂಚುಗಳನ್ನು ಒಂದರ ಮೇಲೊಂದು ಬರದಂತೆ, ನಡುವೆ ಸಂದೂ ಬಿಡದಂತೆ ಜೋಡಿಸಿ, ಸಣ್ಣ ಟೇಪಿನ ತುಂಡುಗಳಿಂದ ಅಲ್ಲಲ್ಲಿ ಹಿಡಿಸಿರಿ. ತೇಪೆ ಸೀಳಿನಿಂದ ಎಲ್ಲ ಕಡೆಗೂ ಕನಿಷ್ಠ 4 ಸೆಂ.ಮೀ. ಆಚೆಗೆ ಹೋಗಬೇಕು, ಮೂಲೆಗಳನ್ನು ಬಳೆಯ ಬಾಗಿನಂತೆ ಕತ್ತರಿಸಬೇಕು, ಏಕೆಂದರೆ ಚೂಪು ಮೂಲೆ ಮೊದಲು ಏಳುತ್ತದೆ. ಹಿಂಬದಿಯ ಕಾಗದವನ್ನು ಒಮ್ಮೆಗೇ ಕೀಳದೆ, ಒಂದು ತುದಿಯಿಂದ ಸ್ವಲ್ಪ ಸ್ವಲ್ಪ ತೆಗೆಯುತ್ತ ಅಂಟಿಸಿ, ಚಮಚದ ಬೆನ್ನಿನಿಂದ ನಡುವಿನಿಂದ ಹೊರಕ್ಕೆ ಉಜ್ಜಿರಿ. ಇನ್ನೊಂದು ಬದಿಗೂ ಹಾಗೆಯೇ ಮಾಡಿ, ಆದರೆ ಅದರ ತೇಪೆ ಒಂದೆರಡು ಸೆಂ.ಮೀ. ದೊಡ್ಡದಿರಲಿ, ಎರಡರ ಅಂಚೂ ಒಂದೇ ಗೆರೆಯಲ್ಲಿ ಬಂದರೆ ಆ ಗೆರೆಯೇ ಹೊಸ ಮಡಿಕೆಯಾಗುತ್ತದೆ. 24 ಗಂಟೆ ಹಾಗೆಯೇ ಬಿಟ್ಟು ಅಂಟು ಕೂರಲು ಸಮಯ ಕೊಡಿ.

ಸುಮಾರು 30 ಸೆಂ.ಮೀ. ದಾಟಿದ ಸೀಳಿಗೆ, ಹಾಗೆಯೇ ಹೊಲಿಗೆಯುದ್ದಕ್ಕೂ ಬಿಟ್ಟುಕೊಂಡದ್ದಕ್ಕೆ, ಅಂಟು ಸಾಲದು, ಹೊಲಿಗೆ ಬೇಕು. ಮನೆಯ ಯಂತ್ರದಲ್ಲಿ ಜಿಗ್‌ಜಾಗ್ ಇದ್ದರೆ ಸಾಕು, ಇಲ್ಲದಿದ್ದರೆ ಬೈಕ್ ಸೀಟಿಗೆ ರೆಕ್ಸಿನ್ ಹೊಲಿಯುವವರು ಈ ಕೆಲಸವನ್ನು ಚೆನ್ನಾಗಿ ಮಾಡಿಕೊಡುತ್ತಾರೆ. ಅವರಿಗೆ ಎರಡು ವಿಷಯಗಳನ್ನು ಮಾತ್ರ ಬಿಡಿಸಿ ಹೇಳಬೇಕು. ದಾರ ಪಾಲಿಯೆಸ್ಟರ್ ಆಗಿರಬೇಕು, ಹತ್ತಿಯದು ಉಪ್ಪುನೀರಿಗೆ ಕೊಳೆಯುತ್ತದೆ. ಹೊಲಿಗೆಯ ಗಾತ್ರ 4-5 ಮಿ.ಮೀ. ಇರಬೇಕು, ಗಟ್ಟಿಯಾಗಲೆಂದು ಒತ್ತೊತ್ತಾಗಿ ಹೊಲಿದರೆ ಹಾಳೆಯಲ್ಲಿ ಅಂಚೆಚೀಟಿಯ ಅಂಚಿನಂತೆ ತೂತುಗಳ ಸಾಲು ಬಿದ್ದು, ಅಲ್ಲಿಂದಲೇ ಹರಿಯುತ್ತದೆ. ಸೂಜಿ ಹೊಸದಿರಲಿ.

ಇಡೀ ಫಲಕವನ್ನೇ ಬದಲಿಸುವಾಗ ಹಳೆಯದನ್ನು ಮೊದಲು ಕತ್ತರಿಸಿ ತೆಗೆಯುವ ತಪ್ಪನ್ನು ಮಾಡಬೇಡಿ. ತೆಗೆದರೆ ಹಾಯಿಯ ಬಾಗು ಎಲ್ಲಿ ಎಷ್ಟಿತ್ತೆಂದು ತಿಳಿಯುವ ದಾರಿಯೇ ಹೋಗುತ್ತದೆ. ಹಳೆಯ ಫಲಕದ ಸೀಳನ್ನು ಟೇಪಿನಿಂದ ಕೂಡಿಸಿ, ಹೊಸ ಹಾಳೆಯನ್ನು ಅದರ ಮೇಲೆಯೇ ಹಾಸಿ, ಅಂಚಿಗೆ ಎರಡೂ ಬದಿ ಅಂಟಿರುವ ಟೇಪು ಹಾಕಿ ಕೂರಿಸಿ, ಸುತ್ತಲೂ ಎರಡು ಸಾಲು ಜಿಗ್‌ಜಾಗ್ ಹೊಲಿದ ಮೇಲೆ, ಹಿಂಬದಿಯಿಂದ ಹಳೆಯ ಹಾಳೆಯನ್ನು ಎಚ್ಚರದಿಂದ ಕತ್ತರಿಸಿ ತೆಗೆಯಿರಿ. ಯಂತ್ರದ ತೋಳಿನ ಕೆಳಗೆ ತೂರುವಂತೆ ಹಾಯಿಯನ್ನು ಬಿಗಿಯಾಗಿ ಸುರುಳಿ ಸುತ್ತಬೇಕಾಗುತ್ತದೆ, ಹಾಗಾಗಿ ಇನ್ನೊಬ್ಬರ ಕೈ ಬೇಕು.

ದುರಸ್ತಿಯಾದ ಹಾಯಿಯನ್ನು ಮೊದಲ ಸಲ ಕಟ್ಟುವಾಗ ಹಾಯಿಯನ್ನು ಕೆಳಕ್ಕೆ ಬಿಗಿಯುವ ಡೌನ್‌ಹಾಲ್ ಹಗ್ಗವನ್ನು ನಿಧಾನವಾಗಿ ಎಳೆಯುತ್ತ ತೇಪೆಯ ಸುತ್ತ ನೆರಿಗೆ ಬರುವುದೇ ಎಂದು ನೋಡಿ. ಸಣ್ಣ ನೆರಿಗೆ ತೊಂದರೆ ಮಾಡದು. ತೇಪೆಯ ಅಂಚು ಏಳುತ್ತಿದ್ದರೆ ನೀರಿಗಿಳಿಯಬೇಡಿ.

ಹೊಸದನ್ನೇ ಕೊಳ್ಳುವುದೆಂದಾದರೆ ಬಣ್ಣಕ್ಕೂ ಬೆಲೆಗೂ ಮೊದಲು ನಿಮ್ಮ ಮಾಸ್ಟ್ ನೋಡಿಕೊಳ್ಳಿ. ಪ್ರತಿ ಹಾಯಿಯ ಮೇಲೂ ಲಫ್ (ಮಾಸ್ಟ್ ಬದಿಯ ಅಂಚು) ಮತ್ತು ಬೂಮ್ ಉದ್ದ ಅಚ್ಚಾಗಿರುತ್ತದೆ. ಲಫ್ 462 ಸೆಂ.ಮೀ. ಎಂದಿದ್ದರೆ 430 ಸೆಂ.ಮೀ. ಮಾಸ್ಟ್‌ನ ಬುಡಕ್ಕೆ 32 ಸೆಂ.ಮೀ. ಎಕ್ಸ್‌ಟೆನ್ಷನ್ (ಉದ್ದ ಹೆಚ್ಚಿಸುವ ತುಂಡು) ಸೇರಿಸಿ ಹೊಂದಿಸಬಹುದು. ಉದ್ದ ಹೊಂದಿದರೆ ಸಾಲದು, ಮಾಸ್ಟ್ ಬಾಗುವ ರೀತಿಯೂ ಹೊಂದಬೇಕು. ಒಂದು ತಯಾರಕರ ಮಾಸ್ಟ್ ತುದಿಯಲ್ಲಿ ಹೆಚ್ಚು ಬಾಗಿದರೆ ಇನ್ನೊಬ್ಬರದು ಸಮನಾಗಿ ಬಾಗುತ್ತದೆ, ಹೊಂದದ ಮಾಸ್ಟ್ ಮೇಲೆ ಒಳ್ಳೆಯ ಹಾಯಿಯೂ ಸೊಟ್ಟಗೆ ನಿಲ್ಲುತ್ತದೆ. 80ರ ದಶಕದ ಮಾಸ್ಟ್ ಇಟ್ಟುಕೊಂಡವರು ಇಂದಿನ ಹಾಯಿ ಅದಕ್ಕೆ ಕೂರುತ್ತದೆಂದು ನಂಬದಿರುವುದು ಒಳಿತು. ಇನ್ನೊಬ್ಬರು ಬಳಸಿದ ಹಾಯಿ ಕೊಳ್ಳುವುದಾದರೆ ಫೋಟೋ ನೋಡಿ ಹಣ ಕೊಡಬೇಡಿ. ಬಿಡಿಸಿ, ಬೆಳಕಿಗೆ ಹಿಡಿದು ನೋಡಿಯೇ ಒಪ್ಪಿಕೊಳ್ಳಿ.

ಹಳೆಯ ಹಾಯಿಯನ್ನು ಎಸೆಯುವ ಮುನ್ನ ಅದರ ಬ್ಯಾಟನ್‌ಗಳನ್ನು, ಕೆಳತುದಿಯ ರಾಟೆಯನ್ನು ಬಿಚ್ಚಿ ಇಟ್ಟುಕೊಳ್ಳಿ. ಮಾಸ್ಟ್ ತೋಳಿನ ಡೇಕ್ರಾನ್ ಬಟ್ಟೆಯಲ್ಲಿ ಬಿಸಿಲು ಹೆಚ್ಚು ತಾಗದೆ ಗಟ್ಟಿಯಾಗಿ ಉಳಿದ ತುಂಡುಗಳಿದ್ದರೆ, ಅವನ್ನೂ ಕತ್ತರಿಸಿ ಹೊಸ ಹಾಯಿಯ ಚೀಲದೊಳಗೆ ಸೇರಿಸಿ, ಮುಂದಿನ ತೇಪೆಗೆ ಬೇಕಾಗುತ್ತವೆ.