ಎಕ್ಕದ ಜೋಡಿ ಬಂದರೆ ನಾನು ಕಾಯುವುದಿಲ್ಲ

ನಮ್ಮ ಪೋಕರ್ ಟೇಬಲ್ಲಿನಲ್ಲಿ ಯಾರೂ ಪ್ಯಾಕ್ ಮಾಡುವುದಿಲ್ಲ, ಎಲೆ ಎಸೆದು ಆಟ ಬಿಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಮೈಸೂರಿನ ಸರಸ್ವತಿಪುರಂನಲ್ಲಿ ಗೆಳೆಯನ ಮಹಡಿ ಮನೆ, ಭಾನುವಾರ ಸಂಜೆ, ಆರು ಜನ. ಆಡುವುದು ಲಿಮಿಟ್ ಹೋಲ್ಡೆಮ್: ಕೈಯಲ್ಲಿ ಎರಡೆರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಮೊದಲು ಮೂರು (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಒಂದು (ರಿವರ್). ಬೆಟ್ಟಿನ ಮೊತ್ತ ನಿಗದಿ, ಮೊದಲೆರಡು ಸುತ್ತಿಗೆ ಹತ್ತು, ಟರ್ನ್‌ನಿಂದ ಇಪ್ಪತ್ತು ರೂಪಾಯಿ. ಒಂದು ಸುತ್ತಿಗೆ ಒಂದು ಬೆಟ್ಟು, ಅದರ ಮೇಲೆ ಮೂರು ರೈಸ್ (ಏರಿಸುವುದು), ಅಲ್ಲಿಗೆ ಕ್ಯಾಪ್, ಅಂದರೆ ಮಿತಿ. ಮೊದಲ ಆರು ತಿಂಗಳು ಹುಣಸೆ ಬೀಜದಲ್ಲಿ ಲೆಕ್ಕ ಇಟ್ಟೆವು, ಆಮೇಲೆ ಚಿಪ್ಸ್ ಬಂತು. ಎಲ್ಲರೂ ಮೂರೆಲೆ, ರಮ್ಮಿ ಆಡಿ ಬೆಳೆದವರು. ಕೈಯಲ್ಲಿ ಎರಡು ಎಲೆ ಬಂದರೆ ಫ್ಲಾಪ್ ನೋಡದೆ ಬಿಡುವ ಜಾತಿಯಲ್ಲ.

ಮೊದಲ ವರ್ಷ ನಾನು ಸೋತದ್ದು ಸುಮಾರು ಒಂಬತ್ತು ಸಾವಿರ. ಅಂಗಡಿಯ ಹಳೇ ಲೆಡ್ಜರಿನ ಹಿಂದಿನ ಹಾಳೆಗಳಲ್ಲಿ ಪ್ರತಿ ವಾರ ಬರೆದಿಡುತ್ತಿದ್ದೆ, ಹಾಗಾಗಿ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಈ ಆಟದಲ್ಲಿ ಒಂಬತ್ತು ಸಾವಿರ ಅಂದರೆ ಇಪ್ಪತ್ತು ರೂಪಾಯಿಯ ನಾನೂರೈವತ್ತು ದೊಡ್ಡ ಬೆಟ್ಟು. ಎಲೆ ಕೆಟ್ಟದಾಗಿ ಬಂತು ಎಂದು ಸಮಾಧಾನ ಮಾಡಿಕೊಳ್ಳುವ ಮೊತ್ತವಲ್ಲ ಅದು.

ಲೆಡ್ಜರ್ ತಿರುವಿ ನೋಡಿದಾಗ ಹೊಟ್ಟೆ ಉರಿದದ್ದು ಇನ್ನೊಂದು ಕಾರಣಕ್ಕೆ. ವರ್ಷದಲ್ಲಿ ಎಕ್ಕದ ಜೋಡಿ ಇಪ್ಪತ್ತೈದು ಸಲ ಬಂದಿರಬಹುದು. ಬರುವುದೇ 221 ಆಟಕ್ಕೆ ಒಮ್ಮೆ. ಅದರಲ್ಲಿ ಗೆದ್ದ ಕೈಗಳಲ್ಲೂ ನನಗೆ ಉಳಿದದ್ದು ಐವತ್ತು, ಅರವತ್ತು ರೂಪಾಯಿ. ಕಾರಣ ನಾನು ಅದನ್ನು ಬಚ್ಚಿಡುತ್ತಿದ್ದೆ. ಸುಮ್ಮನೆ ಕಾಲ್ ಮಾಡಿ (ಎದುರಿನವರಷ್ಟೇ ಹಾಕಿ), ಫ್ಲಾಪಿನಲ್ಲೂ ಚೆಕ್ ಮಾಡಿ (ಏನೂ ಹಾಕದೆ ಸರದಿ ದಾಟಿಸಿ), ಟರ್ನ್‌ನಲ್ಲಿ ಹಿಡಿಯೋಣ ಅನ್ನುವ ಪದ್ಧತಿ. ಒಂದು ಸಂಜೆ ಬಿಗ್ ಬ್ಲೈಂಡಿನಲ್ಲಿದ್ದವರು (ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಹತ್ತು ಹಾಕಿದವರು) ಒಂಬತ್ತು-ನಾಲ್ಕು ಹಿಡಿದು ಪುಕ್ಕಟೆ ಒಳಗೆ ಬಂದರು, ಫ್ಲಾಪಿನಲ್ಲಿ ಒಂಬತ್ತೂ ನಾಲ್ಕೂ ಬಿತ್ತು, ಎರಡು ಜೋಡಿಯಾಗಿ ನನ್ನ ಒಂದು ಜೋಡಿಯನ್ನು ಮೀರಿತು. ಆಟ ಮುಗಿದ ಮೇಲೆ ಕೇಳಿದೆ, "ಸಾರ್, ನಾನು ರೈಸ್ ಮಾಡಿದ್ದರೆ ಬಿಟ್ಟುಬಿಡ್ತಿದ್ರಾ?" "ಇನ್ನೊಂದು ಹತ್ತು ರೂಪಾಯಿ ತಾನೇ, ಬರ್ತಿದ್ದೆ," ಅಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಹೇಗೂ ಬರುವವರೇ ಆದರೆ ದುಡ್ಡು ಕೊಟ್ಟು ಬರಲಿ. ರೈಸ್ ಮಾಡುವುದು ಓಡಿಸುವುದಕ್ಕಲ್ಲ, ವಸೂಲಿಗೆ.

ಮುಂದಿನ ವಾರ ಇದನ್ನು ಹೇಳಿದಾಗ ಐದೂ ಜನ ಒಪ್ಪದೆ ತಲೆ ಆಡಿಸಿದರು. ಮಂಡ್ಯದಿಂದ ರೈಲಿನಲ್ಲಿ ಬರುವ ಗೆಳೆಯ, ನಮ್ಮಲ್ಲಿ ಹೆಚ್ಚು ಗೆಲ್ಲುತ್ತಿದ್ದವನು, "ಹೋಗ್ಲಾ ಅತ್ಲಾಗೆ, ಐದು ಜನದ ಎದುರಿಗೆ ಎಕ್ಕದ ಜೋಡಿ ಅರ್ಧಕ್ಕರ್ಧ ಸಲ ಸೋಲ್ತದೆ, ಅದ್ಕೆ ಯಾಕ್ಲಾ ದುಡ್ಡು ಸುರೀತೀಯ?" ಅಂದ. ಅವನ ಲೆಕ್ಕ ಸರಿ. ಒಬ್ಬನ ಎದುರು ನೂರಕ್ಕೆ 85 ಗೆಲ್ಲುವ ಜೋಡಿ, ಐವರ ಎದುರು 49ಕ್ಕೆ ಇಳಿಯುತ್ತದೆ. ಅವನು ಬಿಟ್ಟದ್ದು ಉಳಿದರ್ಧ. ಆರು ಜನ ಕ್ಯಾಪ್‌ವರೆಗೆ ನಲವತ್ತು ನಲವತ್ತು ಹಾಕಿದರೆ ಪಾಟ್, ಅಂದರೆ ನಡುವೆ ಸೇರಿದ ದುಡ್ಡು, 240. ಅದರಲ್ಲಿ ನನ್ನದು ಆರನೇ ಒಂದು ಪಾಲು, ಗೆಲುವು ಅರ್ಧದ ಹತ್ತಿರ. ನಲವತ್ತು ಹಾಕಿದವನಿಗೆ ಸರಾಸರಿ ನೂರಾ ಇಪ್ಪತ್ತರ ಹತ್ತಿರ ವಾಪಸ್. ಸೋಲುವ ಅರ್ಧ ಕಣ್ಣಿಗೆ ಕಾಣುತ್ತದೆ, ಈ ಲಾಭ ಲೆಡ್ಜರಿನಲ್ಲಿ ಮಾತ್ರ ಕಾಣುತ್ತದೆ.

ಆದರೂ ಮೊದಲ ಎರಡು ತಿಂಗಳು ಸೋತೆ. ಇನ್ನೂ ಎರಡು ಸಾವಿರ ಹೋಯಿತು. ತಪ್ಪು ನನ್ನದೇ. ರಾಜನ ಜೋಡಿಗೂ ಎಕ್ಕದ ಜೋಡಿಯ ಮರ್ಯಾದೆಯನ್ನೇ ಕೊಟ್ಟು ಕೊನೆಯವರೆಗೆ ಬಡಿದೆ. ರಾಜನ ಜೋಡಿ ಕೈಯಲ್ಲಿದ್ದಾಗ ಫ್ಲಾಪಿನಲ್ಲಿ ಎಕ್ಕ ಬೀಳುವುದು ನೂರಕ್ಕೆ 23 ಸಲ, ನಮ್ಮ ಟೇಬಲ್ಲಿನಲ್ಲಿ ಎಕ್ಕ ಕಂಡವರು ಯಾರೂ ಎಸೆಯುವುದಿಲ್ಲ. ಒಂದೇ ಕೈಯಲ್ಲಿ 160 ರೂಪಾಯಿ ಕಳಕೊಂಡದ್ದು ಹೀಗೆ. ಈಗ ಎಕ್ಕ ಬಿದ್ದರೆ ಫ್ಲಾಪಿನಲ್ಲಿ ಒಮ್ಮೆ ಬೆಟ್ ಮಾಡಿ ನೋಡುತ್ತೇನೆ, ವರ್ಷಕ್ಕೆ ಮೂರು ಸಲ ರೈಸ್ ಮಾಡುವ ಮೇಷ್ಟ್ರು ಟರ್ನ್‌ನಲ್ಲಿ ರೈಸ್ ಮಾಡಿದರೆ ಎಲೆ ಕೆಳಗಿಡುತ್ತೇನೆ. ಉಳಿದವರು ಮಾಡಿದರೆ ಕಾಲ್ ಮಾಡಿ ನೋಡುತ್ತೇನೆ.

ಎರಡನೇ ತಪ್ಪು ಚೆಕ್-ರೈಸ್‌ನ ಹುಚ್ಚು, ಅಂದರೆ ಮೊದಲು ಚೆಕ್ ಮಾಡಿ, ಬೇರೆಯವನು ಬೆಟ್ ಮಾಡಿದ ಮೇಲೆ ಏರಿಸುವುದು. ಮೊದಲ ಜಾಗದಲ್ಲಿ ಕೂತು ಚೆಕ್ ಮಾಡಿ ಕಾಯ್ದರೆ ಐವರೂ ಚೆಕ್, ಎಲ್ಲರಿಗೂ ಬಿಟ್ಟಿ ಎಲೆ. ಈಗ ಬೆಟ್ ಮಾಡುವವನು ಎಲ್ಲಿ ಕೂತಿದ್ದಾನೆ ನೋಡುತ್ತೇನೆ. ನನ್ನ ಎಡಗಡೆಯಲ್ಲೇ ಇದ್ದರೆ ಚೆಕ್ ಮಾಡುತ್ತೇನೆ. ಅವನು ಬೆಟ್ ಮಾಡಿ, ಸಾಲಾಗಿ ಎಲ್ಲರೂ ಕಾಲ್ ಮಾಡಿದ ಮೇಲೆ ಏರಿಸಿದರೆ ಇಡೀ ಸಾಲಿನಿಂದ ಇನ್ನೊಂದು ಸುತ್ತು ಬರುತ್ತದೆ. ಬಲಗಡೆಯಲ್ಲಿದ್ದು ನನಗಿಂತ ಮೊದಲು ಬೆಟ್ ಮಾಡಿದರೆ ಆಗಲೇ ರೈಸ್, ಹಿಂದಿನವರಿಗೆ ಒಟ್ಟಿಗೆ ಎರಡು ಬೆಟ್ಟು ಬೀಳುತ್ತದೆ. ಬೆಟ್ ಬರುವ ಖಾತ್ರಿ ಇಲ್ಲದಿದ್ದರೆ ನಾನೇ ಮಾಡುತ್ತೇನೆ.

ಹಣ ತಿರುಗಿದ್ದು ಮಾತ್ರ ಟರ್ನ್‌ನಲ್ಲಿ. ಫ್ಲಾಪಿನಲ್ಲಿ ನಾಲ್ಕು ಆಟೀನು ಹಿಡಿದವನಿಗೆ ರಿವರ್‌ವರೆಗೆ ನೂರಕ್ಕೆ 35 ಸಲ ಫ್ಲಶ್ (ಒಂದೇ ಜಾತಿಯ ಐದು ಎಲೆ) ಕೂಡುತ್ತದೆ, ಜನ ತುಂಬಿರುವಾಗ ಅವನೇನೂ ಅಷ್ಟು ನಷ್ಟದಲ್ಲಿಲ್ಲ. ಟರ್ನ್ ಖಾಲಿ ಹೋದ ಮೇಲೆ ಅದು ಐದಕ್ಕೆ ಒಂದು. ಬೆಟ್ಟು ದುಪ್ಪಟ್ಟಾಗುವುದೂ ಅಲ್ಲೇ. ಹಿಂದೆ ನಾನು ಹೆದರಿ ಚೆಕ್ ಮಾಡುತ್ತಿದ್ದುದೂ ಅಲ್ಲೇ. ಈಗ ಇಪ್ಪತ್ತು ಹಾಕದೆ ಟರ್ನ್ ದಾಟಲು ಬಿಡುವುದಿಲ್ಲ. ರಿವರ್‌ನಲ್ಲಿ ಎರಡನೇ ಸಲ ಏರಿಸಬೇಕೋ ಬೇಡವೋ ಎನ್ನುವುದಕ್ಕೆ ನನ್ನದೊಂದು ಗುರುತಿದೆ, ಎದುರಿನವನ ಕೈ ಚಿಪ್ಸ್ ಕಡೆ ಹೋಗುವ ರೀತಿಗೆ ಸಂಬಂಧಿಸಿದ್ದು. ಅದನ್ನು ಬರೆಯುವುದಿಲ್ಲ, ಆ ಐವರೂ ಓದುವವರೇ.

ನಡುವೆ ಬೇರೆ ಪ್ರಯೋಗಗಳೂ ಆದವು. ಎಕ್ಕ-ರಾಜನನ್ನೂ ಜೋಡಿಯ ಹಾಗೇ ಬಡಿದು ನೋಡಿದೆ. ಫ್ಲಾಪಿನಲ್ಲಿ ಜೋಡಿಯಾಗುವುದು ಮೂರಕ್ಕೆ ಒಂದು ಸಲ, ಹಾಗಾಗಿ ಮೊದಲ ಸುತ್ತಿನಲ್ಲಿ ಏರಿಸಿ, ಏನೂ ಕೂಡದಿದ್ದರೆ ಮೂರು ಜನಕ್ಕಿಂತ ಹೆಚ್ಚಿದ್ದಾಗ ಬಿಡುತ್ತೇನೆ. ಬಟನ್‌ನಲ್ಲಿ (ಫ್ಲಾಪಿನ ನಂತರ ಕೊನೆಯ ಸರದಿ ಬರುವ ಜಾಗದಲ್ಲಿ) ಕಳಾವರ್ ಏಳು-ಎಂಟು ತರದ್ದನ್ನೂ ನಾಲ್ಕು ತಿಂಗಳು ಏರಿಸಿದೆ. ಲೆಡ್ಜರ್ ಪ್ರಕಾರ ಲಾಭವೂ ಇಲ್ಲ, ನಷ್ಟವೂ ಇಲ್ಲ, ಬಿಟ್ಟೆ.

ಇಬ್ಬರೇ ಆಡುವ ಲಿಮಿಟ್ ಆಟವನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಕಂಪ್ಯೂಟರಿನಲ್ಲಿ ಬಿಡಿಸಿಟ್ಟಿದ್ದಾರೆ, ಆ ಪ್ರೋಗ್ರಾಮಿನ ಹೆಸರು ಸೆಫಿಯಸ್. ಬಟನ್‌ನಲ್ಲಿ ಅದು ಬರೀ ಕಾಲ್ ಮಾಡಿ ಒಳಗೆ ಬರುವುದೇ ಇಲ್ಲ ಅನ್ನಬಹುದು, ಎಸೆಯುತ್ತದೆ ಇಲ್ಲವೇ ಏರಿಸುತ್ತದೆ. ನನ್ನ ಪದ್ಧತಿಗೆ ಸಾಕ್ಷಿ ಸಿಕ್ಕಿತು ಎಂದು ಮಂಡ್ಯದ ಗೆಳೆಯನಿಗೆ ಹೇಳಿದೆ. ಅವನೂ ಓದಿಕೊಂಡು ಬಂದ. ಮೊದಲ ಸುತ್ತಿನಲ್ಲಿ ಅದೇ ಬಟನ್‌ನಲ್ಲಿ ಎಕ್ಕದ ಜೋಡಿ ಇದ್ದರೂ ಅದು ಕ್ಯಾಪ್ ಮಾಡುವುದು ತೀರಾ ಅಪರೂಪವಂತೆ. ನಿಜ. ಅಲ್ಲಿ ಎದುರಿಗಿರುವುದು ಒಬ್ಬನೇ, ಕೈಯಲ್ಲಿರುವುದನ್ನು ಮುಚ್ಚಿಡುವುದಕ್ಕೂ ಬೆಲೆ ಇದೆ. ನನ್ನೆದುರು ಐವರು, ನಾನು ಏನು ಹಿಡಿದಿದ್ದೇನೆಂದು ಗೊತ್ತಿದ್ದೂ ಬರುವವರು. ಹಾಗಾಗಿ ಇಬ್ಬರೇ ಉಳಿದ ರಾತ್ರಿ ನಾನೂ ಕೈ ತಡೆಯುತ್ತೇನೆ.

ದುಡ್ಡಿನ ಆನ್‌ಲೈನ್ ಆಟ 2025ರ ಆಗಸ್ಟಿನ ಕಾನೂನಿನಿಂದ ನಿಂತ ಮೇಲೆ ಬೆಟ್ಟಿಗೆ ಮಿತಿಯಿಲ್ಲದ ನೋ-ಲಿಮಿಟ್ ಆಡುತ್ತಿದ್ದ ಹುಡುಗನೊಬ್ಬ ನಮ್ಮಲ್ಲಿಗೆ ಸೇರಿಕೊಂಡ. ಎಲ್ಲದಕ್ಕೂ ಏರಿಸುತ್ತಾನೆ. ಅವನ ಎಡಕ್ಕೆ ಕೂರುವ ಕುರ್ಚಿಗೆ ನಾನು ಅರ್ಧ ಗಂಟೆ ಮುಂಚೆಯೇ ಹೋಗುತ್ತೇನೆ.

ಸೋತ ಆ ಎರಡು ತಿಂಗಳ ನಂತರ, ಒಂದೂವರೆ ವರ್ಷದಲ್ಲಿ ಒಟ್ಟು ಹನ್ನೊಂದು ಸಾವಿರದ ಹತ್ತಿರ ಗೆದ್ದಿದ್ದೇನೆ. ಹೋದದ್ದೆಲ್ಲ ವಾಪಸ್ ಬಂದಿದೆ. ದೀಪಾವಳಿ ರಾತ್ರಿ ಹತ್ತು ಜನ ಕೂತಿದ್ದೆವು. ಒಂಬತ್ತು ಜನದ ಎದುರು ಎಕ್ಕದ ಜೋಡಿ ಗೆಲ್ಲುವುದು ಮೂರಕ್ಕೆ ಒಂದು ಸಲಕ್ಕಿಂತ ಸ್ವಲ್ಪ ಕಡಿಮೆ. ಆದರೂ ಬಂದ ದೊಡ್ಡ ಜೋಡಿ ಮೂರನ್ನೂ ಕ್ಯಾಪ್ ಆಗುವವರೆಗೆ ಬಡಿದೆ. ಎರಡು ಸೋತು ಸುಮಾರು ಇನ್ನೂರು ಹೋಯಿತು. ಮೂರನೆಯದು ಎಕ್ಕದ್ದು, ಏಳು ಜನ ನಲವತ್ತು ಕೊಟ್ಟು ಬಂದರು, ರಿವರ್ ಮುಗಿಯುವಾಗ ಪಾಟ್ ಐನೂರು ದಾಟಿತ್ತು. ಮಂಡ್ಯದ ಗೆಳೆಯ ರಾಣಿ ಜೋಡಿ ತಿರುಗಿಸಿ ತೋರಿಸಿದ. ಕ್ಯಾಪ್‌ನ ಕೊನೆಯ ರೈಸ್ ಹಾಕಿದ್ದವನು ಅವನೇ.