ಚಿಯಾಂಗ್ ಮಾಯ್, ಡಾ ನಾಂಗ್: ತಿಂಗಳ ಲೆಕ್ಕ ಬಿಟ್ಟು ವರ್ಷದ ಲೆಕ್ಕ ಹಿಡಿದೆ

ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ ನಾಲ್ಕು ತಿಂಗಳು, ವಿಯೆಟ್ನಾಂನ ಡಾ ನಾಂಗ್‌ನಲ್ಲಿ ಆರು ತಿಂಗಳು ಅಂತ ವರ್ಷವನ್ನು ಹಂಚಿಕೊಳ್ಳುತ್ತೇನೆ ಅಂದಾಗ ಜೊತೆಗಾರರು ಯಾರೂ ಒಪ್ಪಲಿಲ್ಲ. ಎರಡು ಅಡ್ವಾನ್ಸು, ಎರಡು ವೀಸಾ, ಓಡಾಟ ಬೇರೆ. ತಿಂಗಳಿಗೆ 80 ಸಾವಿರ ದಾಟುತ್ತದೆ ಅಂದರು. ನನಗೆ ಬಂದದ್ದು 58–59 ಸಾವಿರ. ಅದಕ್ಕೇ ಬರೆಯುತ್ತಿದ್ದೇನೆ. ರೂಪಾಯಿಗೆ ತಿರುಗಿಸಿದ್ದು ಆಗಿನ ದರದಲ್ಲಿ: ಒಂದು ಬಾತ್‌ಗೆ (ಥಾಯ್ ಹಣ) 2.45 ರೂಪಾಯಿ, ಒಂದು ರೂಪಾಯಿಗೆ ಸುಮಾರು 300 ಡಾಂಗ್ (ವಿಯೆಟ್ನಾಂ ಹಣ).

ಎಲ್ಲರೂ ಹೋಲಿಸುವುದು ತಿಂಗಳ ಬಾಡಿಗೆ, ಊಟ, ಬೈಕು. ಹಾಗೆ ನೋಡಿದರೆ ಡಾ ನಾಂಗ್ 51 ಸಾವಿರ, ಚಿಯಾಂಗ್ ಮಾಯ್ 61 ಸಾವಿರ, ಕತೆ ಮುಗಿಯಿತು. ಆದರೆ ಜೇಬು ಖಾಲಿಯಾಗುವುದು ಆ ಪಟ್ಟಿಯಲ್ಲಿ ಇಲ್ಲದ ಬಾಬ್ತುಗಳಲ್ಲಿ. ಚಿಯಾಂಗ್ ಮಾಯ್‌ನಲ್ಲಿ ನಾನು ಮೊದಲು ವರ್ಷದ ಕರಾರಿಗೆ ಮನೆ ಹಿಡಿದಿದ್ದೆ. ಸಾಂತಿಥಾಮ್ ಕಡೆ ಒಂದು ಸ್ಟುಡಿಯೋ, 7,500 ಬಾತ್, ಎರಡು ತಿಂಗಳ ಡಿಪಾಸಿಟ್. ಫೆಬ್ರುವರಿ ಕೊನೆಗೆ ಹೊಗೆ ಶುರುವಾಯಿತು. ಕಾಡಿಗೂ ಗದ್ದೆಗೂ ಬೆಂಕಿ ಬೀಳುವ ಕಾಲ, ಸುತ್ತ ಬೆಟ್ಟ. ಹೊಗೆ ಕಣಿವೆ ಬಿಟ್ಟು ಹೋಗುವುದೇ ಇಲ್ಲ. ಏರ್ ಪ್ಯೂರಿಫೈಯರ್‌ಗೆ ನಾಲ್ಕು ಸಾವಿರ ಬಾತ್ ಹತ್ತಿರ ಹೋಯಿತು. ಕಿಟಕಿ ತೆಗೆಯುವ ಹಾಗಿಲ್ಲ ಅಂದಮೇಲೆ ಹಗಲೂ ಎಸಿ. ಮನೆ ಮಾಲೀಕರು ಯೂನಿಟ್‌ಗೆ 8 ಬಾತ್ ಹಾಕುತ್ತಿದ್ದರು. ಸರ್ಕಾರಿ ದರ 4ರ ಆಸುಪಾಸು. ಕೊನೆಗೆ ಮಾರ್ಚ್ ಪೂರ್ತಿ ದಕ್ಷಿಣದ ಕಡಲತೀರದ ಕ್ರಾಬಿಗೆ ಹೋಗಿ ಕೂತೆ. ಅಲ್ಲೂ ಬಾಡಿಗೆ, ಇಲ್ಲೂ ಬಾಡಿಗೆ. ಹೊಗೆಯೊಂದಕ್ಕೇ 50 ಸಾವಿರ ರೂಪಾಯಿ ಹತ್ತಿರ ಹೋಯಿತು. ಮನೆ ಬಿಡುವಾಗ ಸುಣ್ಣಬಣ್ಣ, ಕ್ಲೀನಿಂಗ್ ಅಂತ ಕರಾರಿನಲ್ಲಿ ಇಲ್ಲದ್ದನ್ನೆಲ್ಲ ಸೇರಿಸಿ ಡಿಪಾಸಿಟ್‌ನಲ್ಲಿ ಅರ್ಧಕ್ಕೂ ಹೆಚ್ಚು ಹಿಡಿದುಕೊಂಡರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಡಾ ನಾಂಗ್‌ದು ಬೇರೆ ತರಹ. ಇ-ವೀಸಾ 90 ದಿನಕ್ಕೆ, ಒಂದು ಸಲದ ಪ್ರವೇಶಕ್ಕೆ 25 ಡಾಲರ್. 2023ರ ಆಗಸ್ಟ್‌ಗಿಂತ ಮೊದಲು 30 ದಿನಕ್ಕಷ್ಟೇ ಕೊಡುತ್ತಿದ್ದರು, ಆಗಿದ್ದರೆ ಈ ಯೋಜನೆ ನಡೆಯುತ್ತಲೇ ಇರಲಿಲ್ಲ. ಅವಧಿ ಮುಗಿದಾಗ ದೇಶ ಬಿಟ್ಟು ಹೋಗಿ ಬರಬೇಕು: ಬ್ಯಾಂಕಾಕ್ ಟಿಕೆಟ್ಟು, ನಾಲ್ಕೈದು ರಾತ್ರಿ ರೂಮು, 15 ಸಾವಿರ ರೂಪಾಯಿ ಇಟ್ಟುಕೊಳ್ಳಿ. ಅದನ್ನು ತಿಂಗಳುಗಳಿಗೆ ಹಂಚಿದರೆ 51 ಇದ್ದದ್ದು 57ರ ಹತ್ತಿರ ಬರುತ್ತದೆ. ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಳೆ. ಕಪಾಟಿನಲ್ಲಿಟ್ಟ ಚರ್ಮದ ಬೆಲ್ಟಿಗೆ ವಾರದಲ್ಲಿ ಬಿಳಿ ಬೂಷ್ಟು ಹಿಡಿಯುತ್ತಿತ್ತು, ಒಗೆದ ಜೀನ್ಸ್ ಮೂರು ದಿನ ಆದರೂ ಸೊಂಟದ ಪಟ್ಟಿಯಲ್ಲಿ ಒದ್ದೆ.

ಒಂದು ಊರಿನ ಕೆಟ್ಟ ಕಾಲ ಇನ್ನೊಂದರ ಒಳ್ಳೆ ಕಾಲ ಅನ್ನುವುದು ಈ ಎರಡು ನಷ್ಟಗಳನ್ನು ಪಕ್ಕಪಕ್ಕ ಇಟ್ಟಾಗ ಕಂಡಿತು. ನವೆಂಬರ್‌ನಿಂದ ಫೆಬ್ರುವರಿ ಮುಗಿಯುವವರೆಗೆ ಚಿಯಾಂಗ್ ಮಾಯ್, ಮಾರ್ಚ್‌ನಿಂದ ಆಗಸ್ಟ್ ಡಾ ನಾಂಗ್, ಉಳಿದ ಎರಡು ತಿಂಗಳು ಊರಲ್ಲಿ. ಆರು ತಿಂಗಳಿಗೆ ಎರಡು ಇ-ವೀಸಾ, ಮಧ್ಯೆ ಒಂದೇ ಸಲ ಹೊರಗೆ ಹೋಗಿಬರುವುದು. ಥಾಯ್ ಕಡೆಗೆ 2024ರ ಜುಲೈನಲ್ಲಿ ಬಂದ, ದೂರದಿಂದ ಕೆಲಸ ಮಾಡುವವರಿಗೂ ಕೊಡುವ ಡಿಟಿವಿ (ಡೆಸ್ಟಿನೇಶನ್ ಥಾಯ್ಲೆಂಡ್ ವೀಸಾ) ಮಾಡಿಸಿದೆ: 10,000 ಬಾತ್, ಐದು ವರ್ಷ, ಪ್ರತಿ ಪ್ರವೇಶಕ್ಕೆ 180 ದಿನ. ಅಂದರೆ ವರ್ಷಕ್ಕೆ 5 ಸಾವಿರ ರೂಪಾಯಿ. ಕಷ್ಟ ಇರುವುದು ಶುಲ್ಕದಲ್ಲಿ ಅಲ್ಲ, ಖಾತೆಯಲ್ಲಿ 5 ಲಕ್ಷ ಬಾತ್ ತೋರಿಸುವುದರಲ್ಲಿ. ಆಗಿನ ದರಕ್ಕೆ 12 ಲಕ್ಷ ರೂಪಾಯಿಗೂ ಮೇಲೆ. ನನ್ನದು ಎಫ್‌ಡಿ ಮುರಿಸಿ ಉಳಿತಾಯ ಖಾತೆಗೆ ಹಾಕಿಸಿದ ದುಡ್ಡು. ಬಡ್ಡಿ ಹೋದದ್ದನ್ನೂ ಖರ್ಚಿಗೇ ಬರೆದೆ. ಇನ್ನೊಂದು ಅನುಕೂಲ: ತೆರಿಗೆಗೆ ನಿವಾಸಿ ಅನ್ನಿಸಿಕೊಳ್ಳುವ ಗಡಿ ಥಾಯ್ಲೆಂಡ್‌ನಲ್ಲಿ ವರ್ಷಕ್ಕೆ 180 ದಿನ, ವಿಯೆಟ್ನಾಂನಲ್ಲಿ 183. ಎರಡೂ ಕಡೆ ನಾನು ಒಳಗೇ ಇದ್ದೇನೆ, ಡಾ ನಾಂಗ್‌ನಲ್ಲಿ ಮಾತ್ರ ದಿನ ಎಣಿಸುತ್ತಾ ಇರಬೇಕು.

ಅಲ್ಪಾವಧಿಗೆ ಮನೆ ಕೊಡುವುದಿಲ್ಲ, ಕೊಟ್ಟರೂ ನವೆಂಬರ್ ಸೀಸನ್ನಿನ ದುಬಾರಿ ಬಾಡಿಗೆ ಅನ್ನುವುದು ಎಲ್ಲರ ಅನುಭವ. ನಾನು ಹಳೇ 7,500ಕ್ಕೇ ನಾಲ್ಕು ತಿಂಗಳಿಗೆ ಹಿಡಿದೆ, ಡಿಪಾಸಿಟ್ ಒಂದೇ ತಿಂಗಳದ್ದು. ಯಾವ ತಿಂಗಳಲ್ಲಿ ಹೋಗಿ ಯಾರನ್ನು ಏನು ಕೇಳಿದೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಹೇಳಿದರೆ ಮುಂದಿನ ಸಲ ಆ ಕಟ್ಟಡದಲ್ಲಿ ನನಗೇ ರೂಮ್ ಸಿಗಲಿಕ್ಕಿಲ್ಲ.

ಊಟದಲ್ಲಿ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಬಹುದು. ಚಿಯಾಂಗ್ ಮಾಯ್‌ನಲ್ಲಿ ಹಳದಿ ಬಾವುಟದ 'ಜೇ' (ಸಸ್ಯಾಹಾರಿ) ಅಂಗಡಿಯಲ್ಲಿ ಅನ್ನ, ಎರಡು ಪಲ್ಯ 35–40 ಬಾತ್. ಡಾ ನಾಂಗ್‌ನ 'ಕಾಮ್ ಚಾಯ್' (ಸಸ್ಯಾಹಾರಿ ಅನ್ನದ ಊಟ) 30 ಸಾವಿರ ಡಾಂಗ್. ಎರಡೂ ನೂರು ರೂಪಾಯಿ ಆಸುಪಾಸು. ತಕ್ಕಡಿ ತೂಗುವುದು ಕಾಫಿಯಲ್ಲಿ! ಕೆಫೆಯಲ್ಲಿ ಕೂತು ಕೆಲಸ ಮಾಡುವವರಿಗೆ ಅದೇ ಆಫೀಸ್ ಬಾಡಿಗೆ. ಚಿಯಾಂಗ್ ಮಾಯ್‌ನಲ್ಲಿ 65 ಬಾತ್, ಅಂದರೆ 160 ರೂಪಾಯಿ. ಡಾ ನಾಂಗ್‌ನಲ್ಲಿ 22 ಸಾವಿರ ಡಾಂಗ್, 75 ರೂಪಾಯಿಯೊಳಗೆ. ದಿನಕ್ಕೊಂದು ಕುಡಿದರೂ ತಿಂಗಳಿಗೆ ಎರಡು ಸಾವಿರಕ್ಕೂ ಹೆಚ್ಚು ಉಳಿಯುತ್ತದೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ತೊಗರಿಬೇಳೆ ಎರಡೂ ಊರಲ್ಲಿ ಇಂಡಿಯನ್ ಅಂಗಡಿಗೇ ಹೋಗಬೇಕು, ಬೆಲೆಯೂ ಜಾಸ್ತಿ. ಸಿಪ್ಪೆ ತೆಗೆದ ಹೆಸರುಬೇಳೆ ಮಾತ್ರ ಅವರ ಸಂತೆಯಲ್ಲೇ ರಾಶಿ ಬಿದ್ದಿರುತ್ತದೆ, ಅವರದ್ದೇ ಸಿಹಿತಿಂಡಿಗೆ. ಡಾ ನಾಂಗ್‌ನಲ್ಲಿ ಕಿಲೋಗೆ 55 ಸಾವಿರ ಡಾಂಗ್ ಕೊಟ್ಟ ನೆನಪು. ನೆನೆಸದೆ ರೈಸ್ ಕುಕ್ಕರ್‌ಗೆ ಹಾಕಿದರೂ ಅರ್ಧ ಗಂಟೆಯಲ್ಲಿ ಬೆಣ್ಣೆಯಂತೆ ಬೇಯುತ್ತದೆ. ರಾತ್ರಿ ತೊವ್ವೆ ಅನ್ನ ಅಂತ ನಿಯಮ ಮಾಡಿಕೊಂಡ ತಿಂಗಳು ಊಟದ ಖರ್ಚು ಕಾಲು ಭಾಗ ಇಳಿಯಿತು. ಎಸಿಗೂ ಪ್ಲಗ್ ಮೀಟರ್ ಹಾಕಿ ನೋಡಿದೆ: 24ಕ್ಕೆ ಇಟ್ಟರೆ ರಾತ್ರಿಗೆ ಆರೇಳು ಯೂನಿಟ್, 27ಕ್ಕಿಟ್ಟು ಫ್ಯಾನ್ ಹಾಕಿದರೆ ನಾಲ್ಕು.

ಬೈಕ್ ವಿಷಯ ಗಮನಿಸಿ. ನಮ್ಮ ಐಡಿಪಿ (ವಿದೇಶದಲ್ಲಿ ಗಾಡಿ ಓಡಿಸುವ ಪರವಾನಗಿ) 1949ರ ಜಿನೀವಾ ಒಪ್ಪಂದದ್ದು. ಥಾಯ್ಲೆಂಡ್‌ನಲ್ಲಿ ನಡೆಯುತ್ತದೆ, 1968ರ ಒಪ್ಪಂದದಲ್ಲಿರುವ ವಿಯೆಟ್ನಾಂನಲ್ಲಿ ನಡೆಯುವುದಿಲ್ಲ. ಬಿದ್ದರೆ ವಿಮೆಯವರು ಕೈಯೆತ್ತುತ್ತಾರೆ. ತಿಂಗಳಿಗೆ 13 ಲಕ್ಷ ಡಾಂಗ್ ಬಾಡಿಗೆಯ ಸ್ಕೂಟರ್ ಅಗ್ಗ ಅಂತ ಕುಣಿಯುವವರು ಆಸ್ಪತ್ರೆ ಬಿಲ್ಲನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ನಾನು ಅಲ್ಲಿ ಸೈಕಲ್, ದೂರಕ್ಕೆ ಗ್ರ್ಯಾಬ್ ಆ್ಯಪ್‌ನ ಬೈಕ್ ಟ್ಯಾಕ್ಸಿ. ಡಾಂಗ್ ನೋಟಿನ ಬಗ್ಗೆಯೂ ಒಂದು ಮಾತು: 20 ಸಾವಿರದ್ದೂ 5 ಲಕ್ಷದ್ದೂ ಎರಡೂ ನೀಲಿ. ಕತ್ತಲಲ್ಲಿ ಕೊಡುವಾಗ ಸೊನ್ನೆ ನೋಡಿ ಕೊಡಿ; 5 ಲಕ್ಷದ್ದನ್ನು ಬೇರೆ ಜೇಬಿನಲ್ಲೇ ಇಡುತ್ತೇನೆ.

ಒಟ್ಟು: ಚಿಯಾಂಗ್ ಮಾಯ್ ನಾಲ್ಕು ತಿಂಗಳಿಗೆ, ಎಸಿ ಬೇಕಾಗದ ಚಳಿಗಾಲ ಆದ್ದರಿಂದ, 2.36 ಲಕ್ಷ, ಡಾ ನಾಂಗ್ ಆರು ತಿಂಗಳಿಗೆ 3.08, ವೀಸಾ, ವಿಮಾನ, ಬ್ಯಾಂಕಾಕ್ ಸೇರಿ 45 ಸಾವಿರದೊಳಗೆ. ಹತ್ತು ತಿಂಗಳಿಗೆ ಹಂಚಿದರೆ ಅದೇ 58–59 ಸಾವಿರ. ಡಾ ನಾಂಗ್‌ನಲ್ಲೇ ಕೂತವರಿಗಿಂತ ನನಗೆ ತಿಂಗಳಿಗೆ ಒಂದೆರಡು ಸಾವಿರ ಹೆಚ್ಚು, ಚಿಯಾಂಗ್ ಮಾಯ್‌ನಲ್ಲೇ ಕೂತವರಿಗಿಂತ ಏಳು ಸಾವಿರ ಕಡಿಮೆ. ಬೂಷ್ಟೂ ಇಲ್ಲ, ಹೊಗೆಯೂ ಇಲ್ಲ, ಕೆಲಸ ಒಂದು ದಿನವೂ ನಿಲ್ಲಲಿಲ್ಲ. ಬಾತ್ ಆಮೇಲೆ ಏರಿದೆ, ಇನ್ನೂ ಏರಿದರೆ ಥಾಯ್ ಭಾಗವನ್ನು ಮೂರು ತಿಂಗಳಿಗೆ ಇಳಿಸಿ, ಆ ಒಂದು ತಿಂಗಳನ್ನು ಊರಿನ ಲೆಕ್ಕಕ್ಕೆ ಸೇರಿಸುತ್ತೇನೆ.