ಗಾಂಜಾ ಚೀಟಿ ಇದ್ದರೆ ಸಾಲದು, ಜೊತೆಗಿರುವವರ ಲೆಕ್ಕವೂ ಸರಿಯಿರಲಿ

ಕ್ಯಾಲಿಫೋರ್ನಿಯಾದಲ್ಲಿ ಕಾಯಿಲೆಗೆಂದು ಗಾಂಜಾ ಬಳಸುವವರಿಗೆ 1996ರಲ್ಲಿ ಮತದಾರರೇ ಒಪ್ಪಿದ ಕಾನೂನು, ಪ್ರೊಪೊಸಿಷನ್ 215, ರಕ್ಷಣೆ ಕೊಟ್ಟಿದೆ. ರೋಗಿ, ಅವರ ಆರೈಕೆಯ ಹೊಣೆ ಹೊತ್ತ ಕೇರ್‌ಗಿವರ್, ವೈದ್ಯ ಮೂವರೂ ಅದರಡಿ ಬರುತ್ತಾರೆ, ಆದರೆ ಮೂವರಿಗೂ ಸಿಗುವ ರಕ್ಷಣೆ ಒಂದೇ ಅಳತೆಯದ್ದಲ್ಲ. ಇದು ತಿಳಿಯದೆ ಕೈಸುಟ್ಟುಕೊಂಡವರನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ವೈದ್ಯರ ಬಳಿ ಹೋಗಿ. ಪ್ರಿಸ್ಕ್ರಿಪ್ಷನ್ ಕೇಳಬೇಡಿ, ಶಿಫಾರಸು ಕೇಳಿ. 1970ರ ಫೆಡರಲ್ (ಅಂದರೆ ಕೇಂದ್ರ ಸರ್ಕಾರದ) ಕಾಯ್ದೆ ಗಾಂಜಾವನ್ನು ಒಂದನೇ ಪಟ್ಟಿಗೆ, ವೈದ್ಯರು ಪ್ರಿಸ್ಕ್ರಿಪ್ಷನ್ ಬರೆಯುವಂತಿಲ್ಲದ ಮಾದಕಗಳ ಸಾಲಿಗೆ, ಸೇರಿಸಿದ್ದರಿಂದ ಹುಟ್ಟಿದ ವ್ಯತ್ಯಾಸ ಇದು. ಶಿಫಾರಸು ಮಾಡುವುದು ವೈದ್ಯರ ವಾಕ್ ಸ್ವಾತಂತ್ರ್ಯ ಎಂದು 2002ರ ಕೊನಾಂಟ್ ಪ್ರಕರಣದಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವೇ ಹೇಳಿದೆ. ಆದರೆ ‘ಎಲ್ಲಾದರೂ ಕೊಡಿಸಿ ಡಾಕ್ಟ್ರೇ’ ಎಂದು ದುಂಬಾಲು ಬೀಳಬೇಡಿ. ಮಾಲು ದೊರಕಿಸಿಕೊಡಲು ಕೈಜೋಡಿಸಿದ ವೈದ್ಯರಿಗೆ ಆ ರಕ್ಷಣೆ ಇಲ್ಲ. ಐದು ನಿಮಿಷದ ವಿಡಿಯೊ ಕರೆಯಲ್ಲಿ ಪತ್ರ ಬರೆದುಕೊಟ್ಟು, ಜೊತೆಗೊಂದು ಬಣ್ಣದ ಪ್ಲಾಸ್ಟಿಕ್ ಕಾರ್ಡನ್ನೂ ಮಾರುವವರಿದ್ದಾರೆ. ಆ ಕಾರ್ಡು ಸರ್ಕಾರದ್ದಲ್ಲ. ನಿಮ್ಮ ಕಾಯಿಲೆಯ ಫೈಲು ಯಾರ ಬಳಿ ಇದೆಯೋ ಅವರಿಂದಲೇ ಬರೆಸಿ.

ಕೌಂಟಿ (ಜಿಲ್ಲೆ) ಆರೋಗ್ಯ ಇಲಾಖೆ ಗಾಂಜಾ ರೋಗಿಗಳಿಗೆ ಕೊಡುವ ಗುರುತಿನ ಕಾರ್ಡು ಕಡ್ಡಾಯವಲ್ಲ, ಆದರೂ ಮಾಡಿಸಿ: ಶುಲ್ಕ 100 ಡಾಲರ್ ಮೀರುವಂತಿಲ್ಲ, ಕಡಿಮೆ ಆದಾಯದವರಿಗೆ ರಾಜ್ಯ ಕೊಡುವ ಆರೋಗ್ಯ ವಿಮೆ ಮೆಡಿ-ಕ್ಯಾಲ್ ಇದ್ದರೆ ಅರ್ಧ.

ಈಗ ಕೇರ್‌ಗಿವರ್. ನಾನು ಕಂಡವರು ಹೆಚ್ಚಾಗಿ ಎಡವುವುದು ಇಲ್ಲೇ. ಪರಿಚಯದವರೊಬ್ಬರು ಗಿಡ ಬೆಳೆಯುತ್ತಾರೆ, ರೋಗಿ ಒಂದು ಕಾಗದದಲ್ಲಿ ‘ಇವರೇ ನನ್ನ ಕೇರ್‌ಗಿವರ್’ ಎಂದು ಬರೆದು ಸಹಿ ಹಾಕುತ್ತಾರೆ, ಇಬ್ಬರೂ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಾರೆ. ಆ ಕಾಗದವೊಂದನ್ನೇ ನಂಬಿದರೆ ಕೆಟ್ಟಿರಿ. ಕಾನೂನು ಕೇಳುವುದು ರೋಗಿಯ ವಸತಿ, ಆರೋಗ್ಯ ಅಥವಾ ಸುರಕ್ಷತೆಯ ಹೊಣೆಯನ್ನು ಸತತವಾಗಿ ಹೊತ್ತವರು ಯಾರು ಎಂದು. 2008ರ ಮೆಂಚ್ ಪ್ರಕರಣದಲ್ಲಿ ಆರೋಪಿ ಕೆಲವು ರೋಗಿಗಳಿಗೆ ಗಾಂಜಾ ಒದಗಿಸುತ್ತಿದ್ದ, ಆಗೊಮ್ಮೆ ಈಗೊಮ್ಮೆ ಅವರನ್ನು ಡಾಕ್ಟರ ಬಳಿಗೂ ಕರೆದೊಯ್ಯುತ್ತಿದ್ದ. ಅಷ್ಟು ಸಾಲದು ಎಂದಿತು ರಾಜ್ಯದ ಸುಪ್ರೀಂ ಕೋರ್ಟ್. ಆರೈಕೆ ಸತತವಾಗಿರಬೇಕು. ಗಾಂಜಾ ಕೊಡುವುದನ್ನು ಬಿಟ್ಟು ಬೇರೆ ಆರೈಕೆಯೂ ಇರಬೇಕು. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ: ಆ ಆರೈಕೆ ಗಾಂಜಾ ವಿಷಯದಲ್ಲಿ ನೆರವಾಗುವ ಮೊದಲೇ, ಹೆಚ್ಚೆಂದರೆ ಅದರ ಜೊತೆಜೊತೆಗೇ, ಶುರುವಾಗಿರಬೇಕು. ಮೊದಲು ಗಾಂಜಾ ಕೊಟ್ಟು, ಕೇಸು ಬೀಳುವ ಭಯಕ್ಕೆ ಆಮೇಲೆ ಗಂಜಿ ಬೇಯಿಸಿಕೊಟ್ಟರೆ ನಡೆಯದು.

ಆದ್ದರಿಂದ ಅಮ್ಮನಿಗೆ ಸ್ನಾನ ಮಾಡಿಸುವ, ಮಾತ್ರೆ ಕೊಡುವ ಮಗಳೇ ಕೇರ್‌ಗಿವರ್ ಆಗಲಿ. ಅವರು ಒಂದು ನೋಟ್‌ಬುಕ್ ಇಟ್ಟು ದಿನಾಂಕ ಹಾಕಿ ಬರೆಯಲಿ: ಯಾವತ್ತು ಆಸ್ಪತ್ರೆಗೆ ಹೋದದ್ದು, ಯಾರು ಅಡುಗೆ ಮಾಡಿದ್ದು, ರಾತ್ರಿ ಯಾರು ಜೊತೆಗಿದ್ದದ್ದು. ಮೊಬೈಲ್ ಆ್ಯಪ್‌ಗಿಂತ ಎರಡು ರೂಲಿನ ಪುಸ್ತಕವೇ ನನಗೆ ಮೇಲು. ಒಬ್ಬರಿಗಿಂತ ಹೆಚ್ಚು ರೋಗಿಗಳ ಕೇರ್‌ಗಿವರ್ ಆಗುವ ಆಸೆಯಿದ್ದರೆ, ಬೇರೆ ಕೌಂಟಿಯ ರೋಗಿಯನ್ನು ಸೇರಿಸಿಕೊಳ್ಳಬೇಡಿ.

ಎಷ್ಟಿಟ್ಟುಕೊಳ್ಳಬಹುದು? 8 ಔನ್ಸ್ ಒಣಗಿದ್ದು, ಬಲಿತ ಗಿಡ 6 ಅಥವಾ ಎಳೆಯ ಗಿಡ 12. ರೋಗಕ್ಕೆ ಹೆಚ್ಚು ಬೇಕಿದ್ದರೆ ವೈದ್ಯರ ಪತ್ರದಲ್ಲಿ ಅದನ್ನೂ ಬರೆಸಿ.

ಇದಿಷ್ಟೂ ರಾಜ್ಯದ ಕೊಡೆ. ಫೆಡರಲ್ ಮಳೆ ಇದರೊಳಗೂ ಸೋರುತ್ತದೆ. ಮನೆಯಲ್ಲಿ ಬೆಳೆದು ಮನೆಯಲ್ಲೇ ಬಳಸಿದರೂ ಫೆಡರಲ್ ಕಾನೂನು ಅನ್ವಯಿಸುತ್ತದೆ ಎಂದು ಅಮೆರಿಕದ ಸುಪ್ರೀಂ ಕೋರ್ಟಿನ 2005ರ ರೈಚ್ ತೀರ್ಪು ಹೇಳಿದೆ. 2014ರ ಕೊನೆಯಲ್ಲಿ ಅಮೆರಿಕದ ಸಂಸತ್ತು ಬಜೆಟ್ಟಿನಲ್ಲಿ ಸೇರಿಸಿದ ಒಂದು ಷರತ್ತು ರಾಜ್ಯಗಳ ವೈದ್ಯಕೀಯ ಗಾಂಜಾ ಕಾನೂನುಗಳಿಗೆ ಅಡ್ಡಿಪಡಿಸಲು ನ್ಯಾಯ ಇಲಾಖೆ ಹಣ ಖರ್ಚು ಮಾಡದಂತೆ ತಡೆಯಿತು. ಆದರೆ ಅದು ಖರ್ಚಿಗೆ ಹಾಕಿದ ತಡೆ, ಕ್ಷಮಾದಾನವಲ್ಲ.

ಗ್ರೀನ್ ಕಾರ್ಡಿನವರು ಇನ್ನೂ ಹುಷಾರು. ರಾಜ್ಯ ಒಪ್ಪಿದ ಬಳಕೆಯೂ ಪೌರತ್ವದ ಅರ್ಜಿಗೆ ಮುಳುವಾಗಬಹುದು ಎಂದು ವಲಸೆ ಇಲಾಖೆ 2019ರಲ್ಲೇ ಸ್ಪಷ್ಟಪಡಿಸಿದೆ. ಅಂಥವರು ವೈದ್ಯರಿಗಿಂತ ಮೊದಲು ವಲಸೆ ವಕೀಲರನ್ನು ಕಾಣಲಿ.